ಒದ್ದೆ ಗಾಳಿ, ಅಕ್ಕನ ಬೆರಳು

ಮೇಷ್ಟ್ರಾಗಿ ರಿಟೈರ್ ಆದವನು ಕಪ್ಪು ಕನ್ನಡಕ ಹಾಕಿಕೊಂಡು ಹಿತ್ತಲಿನ ಶೆಡ್ಡಿನಲ್ಲಿ ಕಿಡಿ ಹಾರಿಸುತ್ತಾ ಕೂತರೆ ಹೊಳೆನರಸೀಪುರದಂಥ ಊರಲ್ಲಿ ಜನ ಬಾಯಿ ಮುಚ್ಚಿಕೊಂಡಿರುತ್ತಾರೆಯೇ? ಹಾಲಿಗೆ ಹೋದರೆ ಒಬ್ಬ, ಕ್ಷೌರಕ್ಕೆ ಹೋದರೆ ಇನ್ನೊಬ್ಬ. "ಏನ್ ಮೇಷ್ಟ್ರೇ, ಗ್ರಿಲ್ ಅಂಗಡಿ ಇಟ್‌ಬುಟ್ರಂತೆ?" "ಇಲ್ಲಪ್ಪ, ಚಟ" ಅಂದು ಸುಮ್ಮನಾಗುತ್ತಿದ್ದೆ. ನಿಜವೂ ಅದೇ. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದ ಕೈಗೆ ಏನಾದರೂ ಗಟ್ಟಿಯಾದದ್ದು ಹಿಡಿಯಬೇಕು ಅನ್ನಿಸಿತ್ತು. ಮೊದಲು ವೆಲ್ಡಿಂಗ್ ಕಲಿತೆ. ಆಮೇಲೆ ಒಂದು ಸಣ್ಣ ಪ್ಲಾಸ್ಮಾ ಕಟರ್ ತಂದೆ.

ಪ್ಲಾಸ್ಮಾ ಕಟರ್ ಅಂದರೆ ಕಬ್ಬಿಣದ ತಗಡು ಕುಯ್ಯುವ ಯಂತ್ರ. ಕೈಯಲ್ಲಿ ಹಿಡಿಯುವ ಟಾರ್ಚಿನ ತುದಿಯಲ್ಲಿ ಕರೆಂಟಿನ ಕಿಡಿ ಹೊತ್ತಿಕೊಳ್ಳುತ್ತದೆ. ಹಿಂದಿನಿಂದ ಜೋರಾಗಿ ಬರುವ ಗಾಳಿ ಆ ಕಿಡಿಯನ್ನು ಸಣ್ಣ ತೂತಿನಿಂದ ನೂಕುತ್ತದೆ, ತಗಡು ಅಲ್ಲೇ ಕರಗಿ ಕೆಳಗೆ ಹಾರಿಹೋಗುತ್ತದೆ. ಗಾಳಿಗೆ ಪಕ್ಕದಲ್ಲೊಂದು ಕಂಪ್ರೆಸರ್ ಬೇಕು, ಪಂಚರ್ ಅಂಗಡಿಯಲ್ಲಿ ಧಡಧಡ ಅನ್ನುತ್ತದಲ್ಲ, ಅಂಥದ್ದು. ಮೊದಲ ದಿನ ನನ್ನ ಹೆಂಡತಿ ಅದರ ಸದ್ದು ಕೇಳಿ ಅಡುಗೆಮನೆಯಿಂದ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು. "ರೀ, ಇದು ಮನೆಯಾ, ಬಸ್ ಡಿಪೋನಾ?" ನಾನು ಕೇಳಿಸದವನಂತೆ ತಗಡು ಕುಯ್ದೆ. ಗಡಿಯಾರಕ್ಕೊಂದು ಚೌಕಟ್ಟು, ತುಳಸಿ ಕಟ್ಟೆಗೊಂದು ದೀಪದ ಗೂಡು. ಯಾವುದೂ ನೆಟ್ಟಗೆ ಬಂದಿರಲಿಲ್ಲ. ಯಾರಿಗೂ ತೊಂದರೆಯೂ ಇರಲಿಲ್ಲ.

ತೊಂದರೆ ಶುರುವಾದದ್ದು ಅಕ್ಕನಿಗೆ ಒಂದು ಮಾತು ಕೊಟ್ಟ ಮೇಲೆ.

ನನ್ನ ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಚನ್ನರಾಯಪಟ್ಟಣದ ಕಡೆಯ ನಮ್ಮ ಹಳ್ಳಿಯಲ್ಲಿ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಅರಕಲಗೂಡಿನ ಕಡೆ ಹೊಗೆಸೊಪ್ಪು ಬೆಳೆಯುವ ಮನೆಗೆ ಮದುವೆಯಾಗಿ ಹೋದಳು. ಮಕ್ಕಳಾಗಲಿಲ್ಲ. ಭಾವ ಹೋದ ಮೇಲೆ ನಾನೇ ಹೋಗಿ ಕರಕೊಂಡು ಬಂದೆ. ಬಂದು ಇಪ್ಪತ್ತು ವರ್ಷವಾಯಿತು. ಅವತ್ತಿನಿಂದ ನಮ್ಮ ಮನೆ ಮುಂದಿನ ರಂಗೋಲೆ ಅವಳದ್ದು. ನನ್ನ ಹೆಂಡತಿ ಒಂದು ದಿನವೂ ಆ ಡಬ್ಬ ಮುಟ್ಟಲಿಲ್ಲ. ಮುಟ್ಟೋಕೆ ಅಕ್ಕ ಬಿಟ್ಟರಲ್ಲವೇ? ಬೀದಿಯ ಹೆಂಗಸರು ಬೆಳಿಗ್ಗೆ ನೀರು ಹಿಡಿಯೋಕೆ ಹೋಗುವಾಗ ನಿಂತು ನೋಡಿ, ಚುಕ್ಕಿ ಎಣಿಸಿಕೊಂಡು ಹೋಗೋರು.

ಸಕ್ಕರೆ ಕಾಯಿಲೆ ಅವಳ ಕಣ್ಣನ್ನು ಸ್ವಲ್ಪ ಸ್ವಲ್ಪವಾಗಿ ತಿಂದುಹಾಕಿತು. ಹಾಸನದ ಆಸ್ಪತ್ರೆಗೆ ತಿರುಗಿದ್ದು ಲೆಕ್ಕವಿಲ್ಲ. ಕೊನೆಗೆ ಡಾಕ್ಟರು, "ಇನ್ನು ಬರಲ್ಲ ಅಮ್ಮ" ಅಂದುಬಿಟ್ಟರು. ಬಸ್ಸಿನಲ್ಲಿ ಹೊಳೆನರಸೀಪುರಕ್ಕೆ ವಾಪಸ್ ಬಂದೆವು. ಇಳಿಯುವಾಗ ಅಕ್ಕ, "ನಾಳಿಂದ ರಂಗೋಲೆ ನಿನ್ನೆಂಡ್ತಿಗೆ ಬುಡಾಕೇಳು" ಅಂದಳು. ಕಣ್ಣು ಹೋದದ್ದಕ್ಕಿಂತ ಆ ಮಾತು ನನಗೆ ಹೆಚ್ಚು ನೋವು ಕೊಟ್ಟಿತು.

ನನ್ನ ಹೆಂಡತಿ ಏನೋ ನಾಲ್ಕು ಗೆರೆ ಎಳೆಯುತ್ತಿದ್ದಳು. ಆಮೇಲೆ ಸೊಂಟ ನೋವು ಅಂತ ಹೊಸಲಿಗೆ ಪ್ಲಾಸ್ಟಿಕ್ಕಿನ ಸ್ಟಿಕರ್ ರಂಗೋಲೆ ತಂದು ಅಂಟಿಸಿದಳು. ಒಂದು ಮಧ್ಯಾಹ್ನ ನೋಡುತ್ತೇನೆ, ಅಕ್ಕ ಹೊಸಲ ಮುಂದೆ ಕೂತು ಆ ಸ್ಟಿಕರನ್ನು ಬೆರಳಲ್ಲಿ ಸವರುತ್ತಿದ್ದಾಳೆ. ಬೆರಳಿಗೆ ಏನೂ ಸಿಗುತ್ತಿಲ್ಲ. ನುಣ್ಣಗಿನ ಪ್ಲಾಸ್ಟಿಕ್ಕು, ಅಷ್ಟೆ. ನಾನು ಅಲ್ಲೇ ನಿಂತು ಬಾಯಿಗೆ ಬಂದದ್ದು ಆಡಿಬಿಟ್ಟೆ: "ಅಕ್ಕ, ನಿನ್ನ ರಂಗೋಲೆನ ನಾನು ತಗಡಲ್ಲಿ ಕುಯ್ದು ಕೊಡ್ತೀನಿ. ನೀನು ಬೆರಳಲ್ಲಿ ಸಂದು ಹುಡುಕ್ಕೊಂಡು ಪುಡಿ ಉದುರ್ಸು. ತಗಡು ಎತ್ತಿದ್ರೆ ಕೆಳಗೆ ರಂಗೋಲೆ."

ಅವಳು ಸ್ಟಿಕರಿನಿಂದ ಬೆರಳು ಎತ್ತಿದಳು. "ಪೇಟೇಲಿ ಮಾರ್ತಾರಲ್ಲ, ತೂತು ತೂತಿಂದು, ಅಂಥದ್ದಾ? ಅದು ನಂಗೆ ಬ್ಯಾಡ. ಅದು ಬೆರಳಿಗೆ ಸಿಗಾಕಿಲ್ಲ, ಹಗೂರ, ಜರುಗೋಯ್ತದೆ."

"ಅಲ್ಲ ಕಣಕ್ಕ, ಕಬ್ಬಿಣದ್ದು. ನಿಂದೇ ರಂಗೋಲೆ, ಏಳು ಚುಕ್ಕಿಯ ಬಳ್ಳಿ."

"ಬೆರಳು ಓಡ್ಬೇಕು ಕಣ್ಲಾ. ಸಂದ್ನಾಗೆ ಬೆರಳು ತಡೀದಂಗೆ ಓಡ್ಬೇಕು" ಅಂದಳು. ಅಷ್ಟೇ ಅವಳ ಷರತ್ತು. ಹೂಂ ಅಂದೆ. ಸಕ್ಕರೆ ಕಾಯಿಲೆಯವಳ ಬೆರಳು, ಒಂದು ಗೀರು ಬಿದ್ದರೂ ತಿಂಗಳುಗಟ್ಟಲೆ ಮಾಯುವುದಿಲ್ಲ ಅನ್ನುವುದು ಹೂಂ ಅನ್ನುವಾಗ ನನ್ನ ತಲೆಗೆ ಹೊಳೆಯಲೇ ಇಲ್ಲ.

ಅವಳು ಬಾಯಲ್ಲಿ ಹೇಳಿದಳು, ನಾನು ಹಾಳೆ ಮೇಲೆ ಚುಕ್ಕಿ ಇಟ್ಟೆ. ಮಧ್ಯೆ ಏಳು, ಆ ಕಡೆ ಈ ಕಡೆ ಇಳಿಯುತ್ತಾ ಕೊನೆಗೆ ಒಂದು. ಯಾವ ಚುಕ್ಕಿಯಿಂದ ಯಾವುದಕ್ಕೆ ಬಳ್ಳಿ ಸುತ್ತಬೇಕು ಅನ್ನುವುದನ್ನು ಗಾಳಿಯಲ್ಲಿ ಕೈ ಆಡಿಸಿ ತೋರಿಸಿದಳು. ಪೂರ್ತಿ ಸುತ್ತು ಕುಯ್ದರೆ ಒಳಗಿನ ತುಂಡು ಕಳಚಿ ಬಿದ್ದುಹೋಗುತ್ತದಲ್ಲ, ಅದಕ್ಕೆ ಅಲ್ಲಲ್ಲಿ ಬೆರಳು ಸಲೀಸಾಗಿ ದಾಟುವಷ್ಟು ಸಣ್ಣ ಪಟ್ಟಿ ತಗಡು ಉಳಿಸಿಕೊಂಡೆ. ಸಂದಿಯ ಅಗಲ ಅವಳ ತೋರುಬೆರಳಿನಷ್ಟು. ಎರಡು ಮಿಲಿಮೀಟರ್ ತಗಡು ತಂದು ಹಾಳೆ ಅಂಟಿಸಿ ಕುಯ್ಯೋಕೆ ಕೂತೆ.

ಕಟರ್ ಪಟಪಟ ಅಂತ ಉಗುಳತೊಡಗಿತು. ಕಿಡಿ ಒಂದು ಕ್ಷಣ ನೀಲಿ, ಒಂದು ಕ್ಷಣ ಹಸಿರು, ಆಮೇಲೆ ಟಪ್ ಅಂತ ಆರಿಹೋಗೋದು. ಮತ್ತೆ ಹೊತ್ತಿಸಿದರೆ ಮತ್ತೆ ಪಟಪಟ. ಟಾರ್ಚಿನ ತುದಿಯ ತಾಮ್ರದ ಟಿಪ್ಪು ಒಂದೇ ದಿನದಲ್ಲಿ ಬಾಯಿ ಕಿಸಿದುಕೊಂಡಿತು. ತಗಡು ತಿರುಗಿಸಿ ನೋಡಿದರೆ ಸಂದಿಯ ಅಂಚಿನುದ್ದಕ್ಕೂ ಕರಗಿದ ಕಬ್ಬಿಣದ ಕಿಟ್ಟ ಹೆಪ್ಪುಗಟ್ಟಿ ಗರಗಸದ ಹಲ್ಲಿನ ಹಾಗೆ ನಿಂತಿದೆ. ಗಡಿಯಾರದ ಚೌಕಟ್ಟಿನಲ್ಲೂ ಹೀಗೇ ಇತ್ತು, ಯಾರೂ ಸವರಿ ನೋಡಿರಲಿಲ್ಲ ಅಷ್ಟೆ. ಅರ ಹಾಕಿ ಉಜ್ಜಿದೆ. ಕಿಟ್ಟ ಅರವನ್ನೇ ತಿಂದಿತೇ ಹೊರತು ಜಗ್ಗಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಯಂತ್ರ ಮಾರಿದವನ ಇಡೀ ವಂಶಕ್ಕೆ ಬೈದು, ಬೆಳಿಗ್ಗೆ ಟಾರ್ಚನ್ನು ಚೀಲಕ್ಕೆ ಹಾಕಿಕೊಂಡು ಹಾಸನದ ಬಸ್ಸು ಹತ್ತಿದೆ.

ಹಾಸನದಲ್ಲಿ ಕಂಪ್ರೆಸರ್ ರಿಪೇರಿ ಮಾಡುವ ಒಬ್ಬರಿದ್ದಾರೆ, ನನ್ನ ವಯಸ್ಸಿನವರೇ. ಟಿಪ್ಪನ್ನು ಬೆಳಕಿಗೆ ಹಿಡಿದು ಒಮ್ಮೆ ನೋಡಿದರು. "ಗಾಳಿ ಒದ್ದೆ ಐತೆ ಸಾ" ಅಂದರು.

"ಗಾಳಿ ಒದ್ದೆ ಅಂದರೇನ್ರೀ? ಗಾಳಿ ಗಾಳಿನೇ. ಕಂಪ್ರೆಸರಿಗೆ ನಾನೇನು ನೀರು ಹುಯ್ದಿದೀನಾ?" ಅಂತ ರೇಗಿದೆ.

ಅವರು ನಕ್ಕರು. "ಹುಯ್ಯೋದೇ ಬ್ಯಾಡ ಸಾ. ಹೊರಗಿನ ಗಾಳೀಲೇ ತೇವ ಐತೆ, ಹೊಳೆ ಪಕ್ಕದ ಊರು ನಿಮ್ದು ಬ್ಯಾರೆ. ರೂಮಿನಷ್ಟು ಗಾಳಿನ ಟ್ಯಾಂಕಿಗೆ ತುರುಕಿದ್ರೆ ಅಷ್ಟೂ ತೇವ ಅಲ್ಲೇ ಸೇರ್ಕತದೆ. ಅದು ಟಾರ್ಚಿಗೆ ಬಂದ್ರೆ ಇಂಗೇ ಉಗುಳೋದು. ಟ್ಯಾಂಕಿನ ತಳದ್ ನೀರು ದಿನಾ ಬಿಡಿ. ಕಂಪ್ರೆಸರಿಂದ ಉದ್ದಕ್ಕೆ ಕಬ್ಬಿಣದ್ ಪೈಪ್ ಎಳೀರಿ, ಪೈಪಿನ ಕೊನೇಗೆ ಈ ಫಿಲ್ಟರ್ ಕೂರ್ಸಿ. ಅದಾದ್ ಮ್ಯಾಲೆ ಸಿಲಿಕಾ ಜೆಲ್ ಡಬ್ಬ." ಫಿಲ್ಟರ್ ಅಂದರೆ ಗಾಜಿನ ಲೋಟದಂಥ ಬಟ್ಟಲು ನೇತಾಡುವ ಒಂದು ಸಾಮಾನು. ಗಾಳಿ ಅದರೊಳಗೆ ಸುತ್ತಿ ಹೋಗುವಾಗ ನೀರ ಹನಿ ಬಟ್ಟಲಿಗೆ ಬೀಳುತ್ತದೆ. ಸಿಲಿಕಾ ಜೆಲ್ ಅಂದರೆ ಹೊಸ ಚಪ್ಪಲಿ ಡಬ್ಬದಲ್ಲಿ ಪೊಟ್ಟಣ ಇಟ್ಟಿರುತ್ತಾರಲ್ಲ, ಅದೇ ಹರಳು. ಉಳಿದ ತೇವ ಹೀರಿಕೊಳ್ಳುತ್ತದೆ.

ಪೈಪು ಯಾಕೆ ಉದ್ದ ಇರಬೇಕು ಅಂತ ನಾನು ಕೇಳಲಿಲ್ಲ. ಮೇಷ್ಟ್ರು ಕೇಳುತ್ತಾರೆಯೇ? ಮೇಷ್ಟ್ರು ಹೇಳುವವರು. ಬಸ್ಸಿನಲ್ಲಿ ವಾಪಸ್ ಬರುವಾಗ ನಾನೇ ಉತ್ತರ ಕಂಡುಹಿಡಿದುಕೊಂಡೆ: ಗಾಳಿ ಒಣಗೋಕೆ. ಒಣಗೋಕೆ ಏನು ಬೇಕು? ಬಿಸಿಲು ಬೇಕು.

ನಗಬೇಡಿ. ನಾನು ಕೊಬ್ಬರಿ ಸೀಮೆಯವನು. ನಮ್ಮಪ್ಪನ ಮನೆಯಲ್ಲಿ ತೆಂಗಿನಕಾಯಿ ಅಟ್ಟದ ಮೇಲೆ ವರ್ಷಗಟ್ಟಲೆ ಕೂತು ಕೊಬ್ಬರಿಯಾಗುತ್ತಿತ್ತು, ಕೆಳಗೆ ಒಲೆಯ ಹೊಗೆ, ಮೇಲೆ ಹೆಂಚಿನ ಕಾವು. ಅಕ್ಕ ಹೋಗಿ ಸೇರಿದ ಮನೆಯಲ್ಲಿ ಹೊಗೆಸೊಪ್ಪನ್ನು ಬ್ಯಾರನ್ ಅನ್ನುವ ಒಣಗಿಸುವ ಮನೆಯಲ್ಲಿ ಕಟ್ಟಿ ಬೆಂಕಿ ಹಾಕುತ್ತಿದ್ದರು. ಹಪ್ಪಳ, ಸಂಡಿಗೆ, ಮೆಣಸಿನಕಾಯಿ, ರಾಗಿ, ಯಾವುದೇ ಇರಲಿ, ಒದ್ದೆ ಆಗಿದೆ ಅಂದರೆ ಬಿಸಿಲಿಗೆ ಹಾಕು. ಇದು ನಮ್ಮ ಮೈಯಲ್ಲೇ ಇರುವ ವಿದ್ಯೆ. ಹಾಗಾಗಿ ಗಾಳಿಯನ್ನೂ ಬಿಸಿಲಿಗೆ ಹಾಕಿದೆ. ಕಂಪ್ರೆಸರಿನಿಂದ ಹೊರಟ ಕಬ್ಬಿಣದ ಪೈಪನ್ನು ಶೆಡ್ಡಿನ ತಗಡಿನ ಮಾಡಿನ ಮೇಲೆ ಹತ್ತಿಸಿ, ಈ ತುದಿಯಿಂದ ಆ ತುದಿಗೆ ಎರಡು ಸಲ ಓಡಾಡಿಸಿ, ಚೆನ್ನಾಗಿ ಕಾಯಲಿ ಅಂತ ಕಪ್ಪು ಬಣ್ಣವನ್ನೂ ಬಳಿದೆ. ಅಲ್ಲಿಂದ ಇಳಿಸಿ ಟಾರ್ಚಿನ ಪಕ್ಕ ಫಿಲ್ಟರ್ ಕೂರಿಸಿದೆ, ಅದರ ಮುಂದೆ ಸಿಲಿಕಾ ಜೆಲ್.

ನಡು ಮಧ್ಯಾಹ್ನದ ಬಿಸಿಲಲ್ಲಿ ಕಂಪ್ರೆಸರ್ ಓಡಿಸಿ ಫಿಲ್ಟರಿನ ಬಟ್ಟಲು ನೋಡಿದೆ. ಒಂದು ಹನಿ ನೀರಿಲ್ಲ! ಹೆಂಡತಿಯನ್ನು ಕೂಗಿ ಕರೆದು ತೋರಿಸಿದೆ. "ನೋಡು, ಗಾಳಿ ಹಂಗೇ ಗರಿಗರಿ." ಅವಳು ಬಟ್ಟಲು ನೋಡಿದಳು, ಮಾಡಿನ ಮೇಲಿನ ಪೈಪು ನೋಡಿದಳು. "ನೀರೇ ಬೀಳ್ದಿದ್ರೆ ಫಿಲ್ಟರ್ ಯಾಕೆ ತಂದ್ರಿ?" ಅಂದು ಒಳಗೆ ಹೋದಳು. ಆ ಪ್ರಶ್ನೆಯ ಹತ್ತಿರವೇ ಒಂದು ನಿಮಿಷ ನಿಂತು ಯೋಚಿಸಿದ್ದರೆ ಆಮೇಲಿನ ರಕ್ತವೆಲ್ಲ ತಪ್ಪುತ್ತಿತ್ತು. ನಾನು ನಿಲ್ಲಲಿಲ್ಲ.

ಮೊದಲ ಐದು ನಿಮಿಷ ಕಟರ್ ಚೆನ್ನಾಗಿ ಕುಯ್ದಿತು. ಆಮೇಲೆ ಮತ್ತೆ ಪಟಪಟ. ಸಿಲಿಕಾ ಜೆಲ್ಲಿನ ನೀಲಿ ಹರಳು ಅರ್ಧ ದಿನದಲ್ಲಿ ಗುಲಾಬಿ ಬಣ್ಣಕ್ಕೆ ತಿರುಗಿತು, ಅಂದರೆ ಹೊಟ್ಟೆ ತುಂಬಾ ತೇವ ಕುಡಿದಿದೆ ಅಂತ ಅರ್ಥ. ನಾನು ಅದನ್ನು ನಂಬಲಿಲ್ಲ, ಬಟ್ಟಲನ್ನು ನಂಬಿದೆ. ಹರಳು ಹಳೇ ಸ್ಟಾಕು ಇರಬೇಕು, ಟಿಪ್ಪು ಕಳಪೆ ಇರಬೇಕು, ಕರೆಂಟು ಕಮ್ಮಿ ಇರಬೇಕು. ಹೇಗೋ ಒದ್ದಾಡಿ ತಗಡು ಮುಗಿಸಿದೆ. ಮೂರು ದಿನ ಕೂತು ಅರ ಹಾಕಿದೆ. ಅಂಚೆಲ್ಲ ನುಣ್ಣಗಾಯಿತು ಅಂದುಕೊಂಡೆ. ಬಳ್ಳಿ ತಿರುಗುವ ಒಳಮೂಲೆಗಳಿಗೆ ಅರ ಹೋಗುತ್ತಿರಲಿಲ್ಲ. ಅಲ್ಲೆಲ್ಲಾ ಏನು ಉಳಿದಿದೆಯೆಂದು ನನ್ನ ದಪ್ಪ ಬೆರಳಿಗೆ ಗೊತ್ತಾಗಲಿಲ್ಲ. ಎರಡು ಕಡೆ ಹಿಡಿ ಬೆಸೆದು, ತೊಳೆದು, ಒರೆಸಿ, ಅಕ್ಕನ ತೊಡೆ ಮೇಲಿಟ್ಟೆ.

ಅವಳು ಎರಡೂ ಅಂಗೈ ಹರಡಿ ಸವರಿದಳು. ಬಳ್ಳಿಯ ಒಂದು ಸುತ್ತು ಬೆರಳಿಗೆ ಸಿಕ್ಕಿತು, ಅದರ ಹಿಂದೆ ಹೋದಳು, ತಿರುವಿನಲ್ಲಿ ಒಂದು ಗಳಿಗೆ ತಡೆದಳು, ಮತ್ತೆ ಹೋದಳು. ಮುಖ ಹಾಗೇ ಅರಳಿತು. "ಚೆನ್ನಾಗೈತೆ ಕಣ್ಲಾ" ಅಂದಳು. ನನಗೆ ಇನ್ನೇನು ಬೇಕು? ಊರಿಗೆಲ್ಲ ಕೇಳಿಸುವ ಹಾಗೆ ಸೀನಿಕೊಂಡು ಎದ್ದು ಹೋದೆ, ಕಣ್ಣಲ್ಲಿ ನೀರು ಬಂದದ್ದು ಹೆಂಡತಿಗೆ ಕಾಣದಿರಲಿ ಅಂತ.

ಅಂಗಳಕ್ಕೆ ಇಳಿಯುವ ಮೊದಲು ಒಳಗಡೆ ನಡುಮನೆಯಲ್ಲೇ ಕೈ ಪಳಗಿಸಿಕೊಳ್ಳುತ್ತೇನೆ ಅಂದಳು. ದಿನವೂ ಊಟವಾದ ಮೇಲೆ ಹಳೇ ಪಂಚೆ ಹಾಸಿಕೊಂಡು, ಎಡಗೈ ಬೆರಳು ಸಂದಿಯಲ್ಲಿ ಮುಂದೆ, ಬಲಗೈಯಿಂದ ಪುಡಿ ಹಿಂದೆ. ನಾನು ಬಾಗಿಲ ಹತ್ತಿರ ಪೇಪರ್ ಹಿಡಕೊಂಡು ಓದುವವನಂತೆ ನೋಡುತ್ತಿದ್ದೆ. ನಾಲ್ಕನೇ ದಿನ ನನ್ನ ಹೆಂಡತಿ ರಂಗೋಲೆ ಡಬ್ಬ ತಂದು ನನ್ನ ಮುಂದೆ ಕುಕ್ಕಿದಳು. ಪಂಚೆಯಿಂದ ಮತ್ತೆ ಡಬ್ಬಕ್ಕೆ ತುಂಬಿದ ಬಿಳೀ ಪುಡಿಯೊಳಗೆ ಕೆಂಪಗೆ ಹೆಪ್ಪುಗಟ್ಟಿದ ಸಣ್ಣ ಸಣ್ಣ ಉಂಡೆ. "ಏನಿದು ಗೊತ್ತಾ? ನಿಮ್ಮಕ್ಕನ ರಕ್ತ."

ಅಕ್ಕ ಎಡಗೈಯನ್ನು ಸೆರಗಿನೊಳಗೆ ಸುತ್ತಿಕೊಂಡು ಕೂತಿದ್ದಳು. ಬಿಡಿಸಿ ನೋಡಿದರೆ ತೋರುಬೆರಳಿನ ತುದಿ ಮೂರು ಕಡೆ ಸೀಳಿದೆ, ಒಂದು ಕಡೆ ಬಾತುಕೊಂಡಿದೆ. ಮೊದಲ ದಿನವೇ ಕುಯ್ದಿತ್ತಂತೆ. ನನ್ನ ಬಾಯಿಂದ ಬಂದದ್ದು ಬೈಗುಳ. "ನಿಂಗೆ ಬುದ್ಧಿ ಐತಾ? ಸಕ್ಕರೆ ಕಾಯಿಲೆ ಇಟ್ಕಂಡು ನಾಲ್ಕು ದಿನ ಮುಚ್ಚಿಟ್ಕೊಂಡು ಕೂತಿದೀಯಲ್ಲಾ! ಹೇಳೋಕೆ ಏನಾಗಿತ್ತು ದಾಡಿ?"

ಅವಳು ಮೆಲ್ಲಗೆ ಅಂದಳು: "ಏಳಿದ್ರೆ ನೀನು ತಗಡು ಕಿತ್ಕಬುಡ್ತಿದ್ದೆ."

ಆಟೋ ಕರೆಸಿ ಆಸ್ಪತ್ರೆಗೆ ಕರಕೊಂಡು ಹೋದೆ. ಬೆರಳು ಉಳಿಯುತ್ತದೆ, ಆದರೆ ಇನ್ನೊಂದು ಸಲ ಹೀಗೆ ಮಾಡಿಕೊಂಡರೆ ತುದಿ ತೆಗೆಯಬೇಕಾದೀತು ಅಂದರು ಡಾಕ್ಟರು. ಕಣ್ಣಿಲ್ಲದವಳಿಗೆ ಬೆರಳೇ ಕಣ್ಣು. ಆ ಕಣ್ಣನ್ನೂ ನಾನೇ ಚುಚ್ಚೋಕೆ ಹೋಗಿದ್ದೆನಲ್ಲ! ಮನೆಗೆ ಬಂದವನೇ ತಗಡನ್ನು ಗುಜರಿ ರಾಶಿಗೆ ಎಸೆದೆ. ಶೆಡ್ಡಿಗೆ ಬೀಗ ಹಾಕಿದೆ.

ಗಾಯ ಮಾಯೋಕೆ ಆರು ವಾರ ಹಿಡಿಯಿತು. ಆ ಆರು ವಾರ ಅಕ್ಕ ಏನನ್ನೂ ಕೇಳಲಿಲ್ಲ. ಕಾಫಿ ಕೊಟ್ಟರೆ ಕುಡಿದಳು, ಊಟಕ್ಕೆ ಕರೆದರೆ ಬಂದಳು. ಪಟ್ಟಿ ಬಿಚ್ಚಿದ ಮಾರನೇ ದಿನ ಮಧ್ಯಾಹ್ನ, "ಆ ಶೆಡ್ಡು ತೋರ್ಸು" ಅಂದಳು.

"ಅಲ್ಲೇನಿದೆ ನಿಂಗೆ?"

"ತೋರ್ಸು ಅಂದ್ನಲ್ಲ."

ಅಕ್ಕ ತೋರಿಸು ಅಂದಮೇಲೆ ಮುಗಿಯಿತು. ಗೋಡೆ ಹಿಡಕೊಂಡು ಬಂದಳು. ಬೀಗ ತೆಗೆದೆ. ಕೂತುಕೋ ಅಂದರೆ ಕೂರಲಿಲ್ಲ. ಯಂತ್ರ ಓಡಿಸು, ಸದ್ದು ಕೇಳಬೇಕು ಅಂದಳು. ಅವಳನ್ನು ಬಾಗಿಲ ಆಚೆ ನಿಲ್ಲಿಸಿ, ಕಂಪ್ರೆಸರ್ ಓಡಿಸಿ, ಒಂದು ಚೂರು ತಗಡು ಕುಯ್ದು ತೋರಿಸಿದೆ. ಪಟಪಟ, ಪಟಪಟ. ನಿಲ್ಲಿಸಿದೆ.

"ಒಗ್ಗರಣೆಗೆ ಒದ್ದೆ ಸೊಪ್ಪು ಬಿದ್ದಂಗಾಯ್ತದಲ್ಲೋ" ಅಂದಳು. ಹಾಗನ್ನುತ್ತಾ ಕೈ ಚಾಚಿದವಳು ಬಾಗಿಲ ಪಕ್ಕ ಮಾಡಿನಿಂದ ಇಳಿದು ಬರುವ ಪೈಪಿಗೆ ಬೆರಳು ತಾಗಿಸಿ ಸರಕ್ಕನೆ ಎಳಕೊಂಡಳು. "ಏನ್ಲಾ ಇದು, ಒಲೆ ಮ್ಯಾಲೆ ಮಡಗಿದಂಗೆ ಕಾದೈತೆ?"

"ಗಾಳಿ ಒಣಗಲಿ ಅಂತ ಅಕ್ಕ. ಬಿಸಿಲಲ್ಲಿ ಹಾದು ಬಂದರೆ ತೇವ ಎಲ್ಲ ಹೋಗುತ್ತೆ."

"ಎಲ್ಲಿಗೆ ಓಯ್ತದೆ?"

"ಎಲ್ಲಿಗೆ ಅಂದ್ರೆ?"

"ಕೊಬ್ರಿ ತೇವ ಅಟ್ಟದ್ ಮ್ಯಾಲಿಂದ ಎಂಚಿನ ಸಂದೀಲಿ ಆಚೀಕೋಯ್ತಿತ್ತು. ಇದು ಪೈಪು. ಎಲ್ಲಾ ಕಡೆ ಮುಚ್ಚೈತೆ. ಮುಚ್ಚಿದ್ರೊಳಗಿನ ತೇವ ಎಲ್ಲಿಗ್ಲಾ ಓಯ್ತದೆ? ಬಿಸಿ ರೊಟ್ಟಿನ ಅಂಗೇ ಡಬ್ಬಕ್ಕಾಕಿ ಮುಚ್ಚಳ ಒತ್ತಿದ್ರೆ ಏನಾಯ್ತದೆ? ಆಮೇಕೆ ಮುಚ್ಚಳದ್ ತುಂಬಾ ನೀರಿಳೀತದೆ, ರೊಟ್ಟಿ ಪಿಚಿಪಿಚಿ ಆಯ್ತದೆ. ಅದ್ಕೇ ಮೊದ್ಲು ತಣ್ಣಗ್ ಮಾಡಿ ಆಮ್ಯಾಕೆ ಮುಚ್ಚೋದು."

ನಾನು ಟಾರ್ಚನ್ನು ಕೆಳಗಿಟ್ಟೆ. ನಾಚಿಕೆಯಾಯಿತು ಅನ್ನುವುದು ಸಣ್ಣ ಮಾತು. ಮೂವತ್ತು ವರ್ಷ ನಾನು ವಿಜ್ಞಾನದ ಮೇಷ್ಟ್ರು. ನೀರು ಆವಿಯಾಗುವುದು, ಆವಿ ತಣ್ಣಗಾಗಿ ಹನಿಯಾಗುವುದು, ತಣ್ಣೀರಿನ ಲೋಟದ ಹೊರಗೆ ಬೆವರುವುದು, ಎಷ್ಟು ಸಲ ಬೋರ್ಡಿನ ಮೇಲೆ ಚಿತ್ರ ಬರೆದಿದ್ದೇನೆ! ಬಿಸಿ ಗಾಳಿಯಲ್ಲಿ ನೀರು ಆವಿಯಾಗಿ ಅಡಗಿ ಕೂತಿದೆ, ಹನಿಯೇ ಆಗಿಲ್ಲ, ಫಿಲ್ಟರ್ ಹಿಡಿಯೋದೇನನ್ನು? ಬಟ್ಟಲು ಒಣಗಿರದೆ ಇನ್ನೇನಾಗುತ್ತದೆ? ಆ ಆವಿಯೆಲ್ಲ ಬಟ್ಟಲನ್ನೂ ಹರಳನ್ನೂ ದಾಟಿ, ತಣ್ಣನೆ ನೆಲದ ಮೇಲೆ ಬಿದ್ದಿರುವ ಟಾರ್ಚಿನ ರಬ್ಬರ್ ಪೈಪಿಗೆ ಬಂದು ಅಲ್ಲಿ ನೀರಾಗುತ್ತಿದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನಕ್ಕ ರೊಟ್ಟಿ ಡಬ್ಬದ ಮುಚ್ಚಳದಲ್ಲಿ ಅದನ್ನು ಹೇಳಿ ಮುಗಿಸಿದಳು. "ಅಕ್ಕ, ನಾನೊಬ್ಬ ಕತ್ತೆ" ಅಂದೆ. "ಅದು ನಂಗೆ ಗೊತ್ತಿಲ್ವಾ" ಅಂದಳು.

ಮಾರನೇ ದಿನ ಪೈಪನ್ನೆಲ್ಲ ಮಾಡಿನಿಂದ ಕಿತ್ತೆ. ಬಿಸಿಲೇ ಬೀಳದ ಬಡಗಣ ಗೋಡೆಗೆ, ಬಚ್ಚಲ ನೀರಿನ ತೊಟ್ಟಿಯ ಪಕ್ಕ, ಮೇಲೆ ಕೆಳಗೆ ಹಾವಿನ ಹಾಗೆ ಓಡಿಸಿದೆ. ಸುತ್ತ ಗೋಣಿತಾಟು ಸುತ್ತಿ ನೀರು ಚಿಮುಕಿಸಿದೆ. ಪೈಪು ಇಳಿದು ತಿರುಗುವ ಪ್ರತಿ ಜಾಗದ ತಳಕ್ಕೂ ಒಂದೊಂದು ಸಣ್ಣ ನಲ್ಲಿ ಕೂರಿಸಿದೆ, ತಣ್ಣಗಾಗಿ ಹನಿಯಾದ ನೀರು ಅಲ್ಲಿ ಸೇರಲಿ ಅಂತ. ಅದಾದ ಮೇಲೆ ಫಿಲ್ಟರ್. ಕೊನೆಗೆ ಹರಳು. ಗುಲಾಬಿಯಾಗಿದ್ದ ಹರಳನ್ನು ಮತ್ತೆ ನೀಲಿ ಮಾಡೋಕೆ ಬಾಣಲೆಯಲ್ಲಿ ಹುರಿಯಬೇಕು. ಅದಕ್ಕೆ ಹೆಂಡತಿಯ ಹತ್ತಿರ ಬಾಣಲೆ ಕೇಳಿದ್ದು ಇನ್ನೊಂದು ಜಗಳ. "ತಗೊಳ್ಳಿ, ಇನ್ನು ಇದು ನಿಮ್ಮ ಶೆಡ್ಡಿಗೇ ಇರ್ಲಿ, ಅಡುಗೆಮನೆಗೆ ತರ್ಬೇಡಿ" ಅಂತ ಹಳೇದೊಂದನ್ನು ಕೊಟ್ಟಳು.

ಕಂಪ್ರೆಸರ್ ಕಾಲು ಗಂಟೆ ಓಡಿಸಿ ಮೊದಲ ನಲ್ಲಿ ತಿರುಗಿಸಿದೆ. ಬುಸ್ ಅಂತ ಶುರುವಾಗಿ, ಕೆಳಗಿಟ್ಟ ಲೋಟಕ್ಕೆ ನೀರು ಉಗುಳಿತು. ತುಕ್ಕಿನ ಬಣ್ಣದ ನೀರು, ಕಾಲು ಲೋಟ! ಇದೆಲ್ಲ ಇಷ್ಟು ದಿನ ಟಾರ್ಚಿಗೆ ಹೋಗುತ್ತಿತ್ತಲ್ಲ! ಅಕ್ಕ ಪಕ್ಕದಲ್ಲೇ ಕಲ್ಲಿನ ಮೇಲೆ ಕೂತಿದ್ದಳು. "ನಲ್ಲಿ ಕಡೆ ನಾನು ನೋಡ್ಕತೀನಿ, ನೀನು ಕುಯ್ಯೋ ಕಡೆ ನೋಡು" ಅಂದಳು.

ಆಮೇಲೆ ಹಾಗೇ ನಡೆಯಿತು. ನಾನು ಶೆಡ್ಡಿನ ಒಳಗೆ, ಅವಳು ಗೋಡೆಯ ಆಚೆ ನೆರಳಲ್ಲಿ, ಕಿಡಿ ತಾಗದ ಕಡೆ. ಪೈಪು ಸವರಿ ಬೆಚ್ಚಗಿದ್ದರೆ ಗೋಣಿಗೆ ನೀರು ಚಿಮುಕಿಸೋಳು. ಆಗಾಗ ನಲ್ಲಿ ಬಿಚ್ಚೋಳು. ನೀರು ಬರುವಾಗ ಒಂದು ಸದ್ದು, ನೀರು ಮುಗಿದು ಬರೀ ಗಾಳಿ ಬರುವಾಗ ಇನ್ನೊಂದು ಸದ್ದು. ನನಗೆ ಎರಡೂ ಒಂದೇ. ಅವಳು ಮಾತ್ರ ಸರಿಯಾಗಿ ಹಿಡಿದು ನಲ್ಲಿ ಮುಚ್ಚಿ, "ಊಂ, ಈಗ ಕುಯ್ಯಿ" ಅಂತ ಕೂಗೋಳು. ಆಮೇಲೆಯೇ ನಾನು ಟಾರ್ಚಿನ ಗುಂಡಿ ಒತ್ತುತ್ತಿದ್ದದ್ದು. ಪಟಪಟ ನಿಂತುಹೋಯಿತು. ಒಂದೇ ಸಮನೆ ಸುಯ್ ಅಂತ ಉಸಿರೆಳೆದ ಹಾಗೆ ಸದ್ದು. ಹೊಸ ತಗಡು ಕುಯ್ದು ಮುಗಿಸಿ ತಿರುಗಿಸಿದೆ. ಅಂಚಿನಲ್ಲಿ ಕೂದಲೆಳೆಯಷ್ಟು ಕಿಟ್ಟ, ಉಳಿಯ ಮೂತಿಯಿಂದ ತಟ್ಟಿದರೆ ಉದುರಿ ಬೀಳುತ್ತಿತ್ತು.

ಆದರೂ ಈ ಸಲ ನನ್ನ ಬೆರಳನ್ನು ನಂಬಲಿಲ್ಲ. ದೇವರ ದೀಪದ ಹತ್ತಿಯನ್ನು ಒಂದು ಹಿಡಿ ತಂದು ಪ್ರತಿ ಸಂದಿಯಲ್ಲೂ, ಪ್ರತಿ ತಿರುವಿನಲ್ಲೂ ಎಳೆದೆ. ಎಲ್ಲಿ ಒಂದೇ ಒಂದು ಎಳೆ ಸಿಕ್ಕಿಕೊಂಡಿತೋ ಅಲ್ಲಿ ಗುರುತು ಹಾಕಿ ಎಮರಿ ಕಾಗದ ಸುತ್ತಿದ ಕಡ್ಡಿಯಿಂದ ಉಜ್ಜಿದೆ. ಮತ್ತೆ ಹತ್ತಿ. ಒಂದು ವಾರ ಅದೇ ಕೆಲಸ. ಕೊನೆಗೆ ಇಡೀ ಬಳ್ಳಿಯಲ್ಲಿ ಹತ್ತಿ ಎಲ್ಲೂ ತಡೆಯದೆ ಬಂದ ಮೇಲೆ ಅಕ್ಕನ ಕೈಗೆ ಕೊಟ್ಟೆ. ಅವಳು ಒಂದು ಸುತ್ತು ಪೂರ್ತಿ ಬೆರಳು ಓಡಿಸಿ, ಬೆರಳನ್ನು ನನ್ನ ಮುಖದ ಹತ್ತಿರ ಹಿಡಿದಳು. "ನೋಡು, ಏನಾರ ಐತಾ?" ಏನೂ ಇರಲಿಲ್ಲ. ಹಳೇ ಗಾಯದ ಬಿಳೀ ಗೆರೆ ಮಾತ್ರ.

ಮಾರನೇ ಬೆಳಿಗ್ಗೆ ನನ್ನ ಹೆಂಡತಿ ಅಂಗಳ ಗುಡಿಸಿ ನೀರು ಹಾಕಿಕೊಟ್ಟಳು. ಅಕ್ಕ ಸ್ನಾನ ಮಾಡಿ, ಒದ್ದೆ ಕೂದಲು ಗಂಟು ಹಾಕಿಕೊಂಡು, ಮೆಟ್ಟಿಲಿಳಿದು ಕುಕ್ಕರುಗಾಲಲ್ಲಿ ಕೂತಳು. ಒಂದೂವರೆ ವರ್ಷದ ಮೇಲೆ. ನಾವಿಬ್ಬರೂ ಪಕ್ಕದಲ್ಲಿ ನಿಂತೆವು. ತಗಡು ಇಟ್ಟಳು, ಹೊಸಲಿನಿಂದ ಗೇಣು ಹಾಕಿ ಅಳೆದು ಸರಿಮಾಡಿದಳು. ಎಡಗೈ ಬೆರಳು ಮುಂದೆ, ಬಲಗೈಯ ಪುಡಿ ಹಿಂದೆ. ಎಲ್ಲೂ ನಿಲ್ಲಲಿಲ್ಲ. ಮುಗಿಸಿ, ಎರಡೂ ಹಿಡಿ ಹಿಡಿದು ತಗಡು ಎತ್ತಿದಳು. ಎತ್ತುವಾಗ ಒಂದು ಮೂಲೆ ನೆಲಕ್ಕೆ ತಾಗಿತು.

"ಎಂಗ್ ಬಂದೈತೆ?" ಅಂದಳು.

ನನ್ನ ಹೆಂಡತಿ "ತುಂಬಾ ಚೆನ್ನಾಗಿ..." ಅಂತ ಶುರು ಮಾಡಿದಳು. ನಾನು ಅವಳ ಕೈ ಅದುಮಿದೆ. ಕಣ್ಣು ಹೋದಾಗಿನಿಂದ ನಾವೆಲ್ಲ ಅಕ್ಕನಿಗೆ ಚೆನ್ನಾಗಿದೆ ಚೆನ್ನಾಗಿದೆ ಅಂತಲೇ ಹೇಳಿಕೊಂಡು ಬಂದಿದ್ದೆವು. "ಎಡಗಡೆ ಮೂಲೆ ಅಳಿಸಿಹೋಗಿದೆ ಅಕ್ಕ, ಒಂದು ಎಸಳು ಹಾಳಾಯ್ತು" ಅಂದೆ.

ಅವಳ ಮುಖ ಬಾಡುತ್ತದೆ ಅಂದುಕೊಂಡಿದ್ದೆ. ಅವಳು ತುಟಿ ಬಿಗಿದಳು, ಅಷ್ಟೆ. ಅಂಗೈ ಹರಡಿ ಇಡೀ ರಂಗೋಲೆಯನ್ನು ಒಂದೇ ಸಲಕ್ಕೆ ಅಳಿಸಿಹಾಕಿದಳು. ಮತ್ತೆ ಗೇಣು ಹಾಕಿದಳು, ಮತ್ತೆ ತಗಡಿಟ್ಟಳು, ಮತ್ತೆ ಬೆರಳು ಓಡಿಸಿದಳು. ಈ ಸಲ ಎತ್ತುವಾಗ ಮಂಡಿಯೂರಿ, ಮೊಣಕೈ ಎರಡನ್ನೂ ಪಕ್ಕೆಗೆ ಒತ್ತಿಕೊಂಡು ನೆಟ್ಟಗೆ ಎತ್ತಿದಳು. ಏಳು ಚುಕ್ಕಿಯ ಬಳ್ಳಿ ಒಂದು ಎಸಳೂ ಕೆಡದೆ ನೆಲದ ಮೇಲೆ ಕೂತಿತ್ತು. ಹೇಗಿದೆ ಅಂತ ಕೇಳುತ್ತಾಳೆ, ಹೇಳೋಣ ಅಂತ ನಾನು ಬಾಯಿ ತೆರೆದುಕೊಂಡೇ ನಿಂತಿದ್ದೆ. ಅವಳು ಕೇಳಲಿಲ್ಲ. ತಗಡನ್ನು ಗೋಡೆಗೆ ಒರಗಿಸಿ, ಕೈ ಕೊಡವಿಕೊಂಡು ಎದ್ದಳು.

"ಅಲ್ಲೇ ನಿಂತಿದೀಯಾ? ಮೆಟ್ಬುಟ್ಟೀಯ. ಬೀದೀಲಿ ಸುತ್ಕಂಡು ಇತ್ಲು ಕಡೆಯಿಂದ ಬಾ" ಅಂದಳು.

ಹಾಗೆ ಗದರಿಸಿ ಮೆಟ್ಟಿಲು ಹತ್ತಿ ಒಳಗೆ ಹೋದಳು. ನಾನು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಗೋಡೆಗೆ ಅಂಟಿಕೊಂಡು ರಂಗೋಲೆ ದಾಟಿ, ಬೀದಿ ಸುತ್ತಿ ಹಿತ್ತಲಿಗೆ ಬಂದೆ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಯಾರನ್ನೂ ಕೂಗಲಿಲ್ಲ. ಅಲ್ಲೇ ನಿಂತುಕೊಂಡು ಮನಸಾರೆ ಅತ್ತೆ.